‘ರಕ್ತದಲ್ಲೇ ಇದೆ’ ಅನ್ನೋ ಸೋಮಾರಿ ಮಾತು

"ಫಿನ್‌ಲ್ಯಾಂಡಿನವರಾ? ಅವ್ರ ರಕ್ತದಲ್ಲೇ ಇದೆ ಬಿಡ್ರೀ!"

ಮೊನ್ನೆ ಟೀ ಕುಡಿಯುತ್ತಾ ಗೆಳೆಯನೊಬ್ಬ ಹೀಗಂದ. ಮಾತು ಕಾರ್ ರೇಸಿನದ್ದು. ಸುಮಾರು 55 ಲಕ್ಷ ಜನರ ದೇಶ, ಬೆಂಗಳೂರಿಗಿಂತ ಕಡಿಮೆ. ಅಲ್ಲಿಂದ ಮೂವರು ಫಾರ್ಮುಲಾ ಒನ್ ಚಾಂಪಿಯನ್ನರು: 1982ರಲ್ಲಿ ಕೇಕೆ ರೋಸ್‌ಬರ್ಗ್, 1998 ಮತ್ತು 1999ರಲ್ಲಿ ಮಿಕಾ ಹಾಕಿನೆನ್, 2007ರಲ್ಲಿ ಕಿಮಿ ರೈಕೋನೆನ್. ರ‍್ಯಾಲಿಯಲ್ಲಂತೂ ಯೂಹಾ ಕಾಂಕುನೆನ್, ಟಾಮಿ ಮಾಕಿನೆನ್ ಇಬ್ಬರೇ ಸೇರಿ ಎಂಟು ವಿಶ್ವ ಪ್ರಶಸ್ತಿ ಹೊಡೆದಿದ್ದಾರೆ. ಕಾರಣ ಕೇಳಿದರೆ ಒಂದೇ ಉತ್ತರ, ರಕ್ತ. ಸ್ವಲ್ಪ ಓದಿಕೊಂಡವರಾದರೆ ‘ಸಿಸು’ ಅನ್ನುತ್ತಾರೆ. ಫಿನ್ನಿಶ್ ಭಾಷೆಯಲ್ಲಿ ಛಲ, ಎದೆಗಾರಿಕೆ ಅಂತ ಅರ್ಥ.

ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತೆ.

ಸರಿ ಸ್ವಾಮಿ, ರಕ್ತವೇ ಅಂತಿಟ್ಟುಕೊಳ್ಳೋಣ. ಹಾಗಾದ್ರೆ ಅದೇ ದೇಶದ ಓಟಗಾರರ ಕಥೆ ಏನು? 1912ರಲ್ಲಿ ಹಾನೆಸ್ ಕೋಲೆಮೈನೆನ್‌ಗೆ ಮೂರು ಒಲಿಂಪಿಕ್ ಚಿನ್ನ. ಪಾವೋ ನುರ್ಮಿಗೆ 1920ರಿಂದ 1928ರೊಳಗೆ ಒಂಬತ್ತು. 1936ರ ಬರ್ಲಿನ್‌ನಲ್ಲಿ 10,000 ಮೀಟರ್ ಓಟದ ಮೂರೂ ಪದಕ ಫಿನ್‌ಲ್ಯಾಂಡಿಗೇ. 1972ರ ಮ್ಯೂನಿಕ್‌ನಲ್ಲಿ ಲಾಸೆ ವಿರೆನ್ ಅದೇ ಓಟದ ಮಧ್ಯೆ ಬಿದ್ದು, ಎದ್ದು, ವಿಶ್ವದಾಖಲೆ ಮಾಡಿ ಗೆದ್ದ. 5,000 ಮೀಟರನ್ನೂ ಗೆದ್ದ. 1976ರಲ್ಲಿ ಮತ್ತೆ ಎರಡನ್ನೂ ಗೆದ್ದ.

ಆಮೇಲೆ? ಓಟದಲ್ಲಿ ಒಂದೇ ಒಂದು ಒಲಿಂಪಿಕ್ ಚಿನ್ನ ಇಲ್ಲ! ಕೀನ್ಯಾ, ಇಥಿಯೋಪಿಯಾದವರು ಮುಂದೆ ಬಂದರು. ರಕ್ತ ಏನು ಬತ್ತಿ ಹೋಯ್ತಾ?

ರಕ್ತದ ಮಾತೇ ಬೇಕಿದ್ದರೆ ಇನ್ನೊಂದು ಕೇಳಿ. 1980ರ ಮಾಸ್ಕೋದಲ್ಲಿ ಬೆಳ್ಳಿ, ಕಂಚು ಗೆದ್ದ ಕಾರ್ಲೊ ಮಾನಿಂಕಾ, ರಕ್ತ ಏರಿಸಿಕೊಂಡು ಓಡಿದ್ದೆ ಅಂತ ಆಮೇಲೆ ತಾನೇ ಒಪ್ಪಿಕೊಂಡ. ಆಗ ಅದಕ್ಕೆ ನಿಷೇಧ ಇರಲಿಲ್ಲ. ಹುಟ್ಟಾ ಬಂದ ರಕ್ತವೇ ಸಾಕಾಗಿದ್ದರೆ ಮೇಲಿಂದ ಏರಿಸೋದು ಯಾಕೆ ಬೇಕಿತ್ತು? :)

ನುರ್ಮಿಯನ್ನೇ ನೋಡಿ. ಹನ್ನೆರಡನೇ ವಯಸ್ಸಿಗೆ ಅಪ್ಪ ತೀರಿಕೊಂಡ. ಹುಡುಗ ಶಾಲೆ ಬಿಟ್ಟು ಬೇಕರಿಯ ಸಾಮಾನಿನ ಗಾಡಿ ತಳ್ಳಿದ. ಮುಂದೆ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದೇ ಓಡಿದ, ಎದುರಾಳಿಯ ಮುಖ ನೋಡಿ ಅಲ್ಲ, ಸೆಕೆಂಡು ನೋಡಿ. ‘ರಕ್ತ’ ಅಂದ ತಕ್ಷಣ ಆ ಗಾಡಿ, ಆ ಗಡಿಯಾರ ಎರಡೂ ಮಾಯ!

ಕಾರಿನದ್ದೂ ಅಷ್ಟೇ. ಚಳಿಗಾಲದಲ್ಲಿ ಹಿಮ, ಉಳಿದಂತೆ ಕಾಡಿನ ನಡುವೆ ಜಲ್ಲಿ ರಸ್ತೆ. ಡ್ರೈವಿಂಗ್ ಕಲಿಸುವಾಗಲೇ ಜಾರುವ ರಸ್ತೆಯ ಪಾಠ. ಮಕ್ಕಳಿಗೆ ಗೋ-ಕಾರ್ಟ್. ತಾನು ಗೆದ್ದ ರೋಸ್‌ಬರ್ಗ್ ಆಮೇಲೆ ಹಾಕಿನೆನ್‌ಗೆ ಮ್ಯಾನೇಜರ್ ಆಗಿ ದಾರಿ ತೋರಿಸಿದ. 2022ರಲ್ಲಿ, 22ನೇ ವಯಸ್ಸಿಗೇ ರ‍್ಯಾಲಿ ವಿಶ್ವ ಚಾಂಪಿಯನ್ ಆದ ಕಾಲೆ ರೋವಾನ್‌ಪೆರಾ ಒಬ್ಬ ರ‍್ಯಾಲಿ ಚಾಲಕನ ಮಗ. "ನೋಡಿದ್ರಾ, ರಕ್ತ!" ಅನ್ನಬೇಡಿ. ಎಂಟನೇ ವಯಸ್ಸಿಗೇ ಕಾರು ಓಡಿಸುತ್ತಿದ್ದ ಹುಡುಗ ಅವನು. ಅಪ್ಪನಿಂದ ಬಂದದ್ದು ರಕ್ತ ಮಾತ್ರ ಅಲ್ಲ, ಕಾರಿನ ಕೀ ಕೂಡ.

ಛಲ ಬೇಡ ಅಂತಲ್ಲ. ಛಲ ಎಲ್ಲ ಊರಿನ ಮಕ್ಕಳಲ್ಲೂ ಇರುತ್ತೆ. ಕಲಿಸುವವರು, ಕಲಿಯೋಕೆ ಜಾಗ ಎಲ್ಲ ಕಡೆ ಇರಲ್ಲ.

ಹೊಗಳಿಕೆ ಥರ ಕಾಣುವ ಈ ಮಾತು ನಿಜಕ್ಕೂ ಅವರ ಬೆವರಿಗೆ ಮಾಡುವ ಅವಮಾನ. ನಮಗೋ ಒಳ್ಳೇ ನೆಪ. ‘ಅವರ ರಕ್ತದಲ್ಲಿದೆ’ ಅಂದವನು ಅದೇ ಉಸಿರಲ್ಲಿ ‘ನಮ್ಮ ರಕ್ತದಲ್ಲಿಲ್ಲ’ ಅಂದು ಕಾಲು ಚಾಚಿ ಕೂರಬಹುದು.

ನನ್ನ ಗೆಳೆಯನೂ ಅದನ್ನೇ ಮಾಡಿದ. ಇನ್ನೊಂದು ಟೀ ಹೇಳಿದ.

ನೀವೇನಂತೀರಿ? ಒಪ್ಪದವರು ಖಂಡಿತ ಬನ್ನಿ, ಜಗಳ ಆಡೋಣ.