ಎಷ್ಟು ಅನ್ನುವ ಮೊದಲು ಹೇಗೆ ಅಳೆದಿರಿ ಅಂತ ಕೇಳೋಣ

ತೊಗರಿ, ಹೆಸರು, ಶೇಂಗಾದ ಬೇರುಗಂಟುಗಳು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತವೆ ಅನ್ನೋದು ನಮಗೆಲ್ಲ ಗೊತ್ತು. ಇದೇ ಕೆಲಸ ಕಡಲಲ್ಲೂ ನಡೀತದೆ. ಬಿಸಿನಾಡಿನ ಕಡಲುಗಳಲ್ಲಿ ಟ್ರೈಕೋಡೆಸ್ಮಿಯಂ ಎಂಬ ಸೂಕ್ಷ್ಮಜೀವಿ ಇದೆ. ಮಳೆಗಾಲಕ್ಕೆ ಮುಂಚೆ ಮಂಗಳೂರು ಕಡೆಯ ಅರಬ್ಬಿ ಸಮುದ್ರದಲ್ಲೂ ಇದು ಮರದ ಹೊಟ್ಟು ಚೆಲ್ಲಿದ ಹಾಗೆ ತೇಲುವುದುಂಟು. ಬೇರಿಲ್ಲ, ಗಂಟಿಲ್ಲ, ಆದರೂ ಸಾರಜನಕ ಹಿಡೀತದೆ.

ಎಷ್ಟು ಹಿಡೀತದೆ ಅಂತ ಅಳೆಯೋದು ಹೇಗೆ? ಕಡಲ ನೀರನ್ನು ಬಾಟಲಿಗೆ ತುಂಬಿ, ಅದರೊಳಗೆ ಸಾರಜನಕ-15 ಎಂಬ ಸ್ವಲ್ಪ ಭಾರದ ಗಾಳಿಯ ಗುಳ್ಳೆ ಬಿಡ್ತಾರೆ. ಸುಮಾರು ಒಂದು ದಿನ ಇಟ್ಟು, ನೀರು ಸೋಸಿ, ಜೀವಿಗಳ ಮೈಯಲ್ಲಿ ಆ ಭಾರದ ಸಾರಜನಕ ಎಷ್ಟು ಸೇರಿದೆ ಅಂತ ನೋಡ್ತಾರೆ. 1996ರಿಂದ ಬಹಳ ಮಂದಿ ನಂಬಿದ್ದು ಈ ಕ್ರಮವನ್ನೇ.

2010ರಲ್ಲಿ ಜರ್ಮನಿಯ ಕೀಲ್ ಪಟ್ಟಣದ ವಿಜ್ಞಾನಿಗಳು ಇದರ ಕೊರತೆ ತೋರಿಸಿದರು. ಗುಳ್ಳೆ ಕೂಡಲೇ ಕರಗುವುದಿಲ್ಲ, ತಾಸುಗಟ್ಟಲೆ ಹಿಡೀತದೆ. ಬೆಲ್ಲದ ಹೆಂಟೆ ಕರಗುವ ಮೊದಲೇ ಕುಡಿದು ಪಾನಕ ಸಪ್ಪೆ ಅಂದ ಹಾಗೆ, ಲೆಕ್ಕ ಕಡಿಮೆ ಬರ್ತಿತ್ತು. ಗಾಳಿಯನ್ನು ಮೊದಲೇ ನೀರಲ್ಲಿ ಕರಗಿಸಿ ಅಟ್ಲಾಂಟಿಕ್ ಕಡಲಲ್ಲಿ ಅಳೆದರು. 2012ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ, ಜಗತ್ತಿನ ಕಡಲುಗಳೆಲ್ಲ ಸೇರಿ ವರ್ಷಕ್ಕೆ ಹಿಡಿಯುವ ಸಾರಜನಕ ಹಳೇ ಕ್ರಮದಲ್ಲಿ 10 ಕೋಟಿ 30 ಲಕ್ಷ ಟನ್, ಹೊಸ ಕ್ರಮದಲ್ಲಿ 17 ಕೋಟಿ 70 ಲಕ್ಷ ಟನ್!

2014ರಲ್ಲಿ ಇದಕ್ಕೆ ತಿರುಗಾಮುರುಗಾ ಸಂಗತಿ ಹೊರಬಂತು. ಮಾರಾಟಕ್ಕೆ ಬರುವ ಆ ಗಾಳಿಯ ಕೆಲವು ಬಾಟಲಿಗಳಲ್ಲಿ ಅಮೋನಿಯ, ನೈಟ್ರೇಟ್ ಬೆರೆತಿತ್ತು. ಅದು ಸಿದ್ಧ ಗೊಬ್ಬರ ಇದ್ದಂತೆ. ಗಾಳಿಯಿಂದ ಏನೂ ಹಿಡಿಯದ ಜೀವಿಯೂ ಅದನ್ನು ತಿಂದು, ಹಿಡಿದ ಹಾಗೆ ಲೆಕ್ಕಕ್ಕೆ ಬರಬಹುದು.

ಒಣಭೂಮಿಯವರಿಗೆ ಕಡಲ ಮಾತು ಯಾಕಪ್ಪಾ ಅನ್ನಬೇಡಿ. "ಈ ಪ್ಯಾಕೆಟ್ ಬೀಜಕ್ಕೆ ಹಚ್ಚಿ, ಎಕರೆಗೆ ಇಷ್ಟು ಕಿಲೋ ಸಾರಜನಕ ಗ್ಯಾರಂಟಿ" ಅಂತ ನಮಗೂ ಹೇಳ್ತಾರೆ. ಅಂಕಿ ನಂಬಿ ಗೊಬ್ಬರ ಕಡಿಮೆ ಮಾಡಿದರೆ, ಇಳುವರಿ ಹೋಗೋದು ನಮ್ಮದು. ಯಾವ ಮಣ್ಣಲ್ಲಿ ಅಳೆದರು? ಎಷ್ಟು ಮಳೆ ಬಿದ್ದ ವರ್ಷ? ಪಕ್ಕದಲ್ಲಿ ಹಚ್ಚದ ಸಾಲು ಇತ್ತೋ? ಇದನ್ನು ಪ್ಯಾಕೆಟ್ ಮೇಲೇ ಅಚ್ಚು ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ.

ಅಲ್ಲೀವರೆಗೆ ನಾವೇ ನೋಡೋಣ. ನಾಲ್ಕು ಸಾಲು ಹಚ್ಚದ ಬೀಜ ಬಿತ್ತಿ. ಅದನ್ನು ಮೊದಲು ಬಿತ್ತಿ, ಹಚ್ಚಿದ್ದನ್ನು ಆಮೇಲೆ. ಇಲ್ಲದಿದ್ದರೆ ಕೂರಿಗೆಗೆ ಅಂಟಿದ ಪುಡಿ ಬೆರೆತು ನಮ್ಮ ಅಳತೆಯೂ ಕೆಡ್ತದೆ. ಹೂವಿನ ಹೊತ್ತಿಗೆ ಎರಡೂ ಕಡೆ ಗಿಡ ಅಗೆದು ಗಂಟು ಸೀಳಿ ನೋಡಿ. ಒಳಗೆ ಕೆಂಪಿದ್ದರೆ ಕೆಲಸ ಮಾಡ್ತಿದೆ. ಸುಗ್ಗೀಲಿ ಬೇರೆ ಬೇರೆ ತೂಗಿ ಬರೆದಿಡಿ.

ಆ ಕಡಲಿನವರು ತಮ್ಮ ಕಸುಬಿನ ಅಳತೆಯ ಕೊರತೆಯನ್ನು ತಾವೇ ಹುಡುಕಿ ಊರಿಗೆಲ್ಲ ಹೇಳಿದರು. ನಮಗೆ ಅಂಕಿ ಹೇಳುವವರೂ ಅಷ್ಟು ಮಾಡಲಿ.