ಭತ್ತದ ಉಮಿಯೂ ಕ್ಯಾನ್ಸರ್ ಮದ್ದೂ

ವರ್ಷದ ಗೊಬ್ಬರವನ್ನೆಲ್ಲ ಒಂದೇ ಮಳೆಯ ದಿನ ಅಡಿಕೆ ಮರದ ಬುಡಕ್ಕೆ ಸುರಿದರೆ ಏನಾಗುತ್ತದೆಂದು ಕೃಷಿಕ ಬಂಧುಗಳಿಗೆ ಹೇಳಬೇಕಾಗಿಲ್ಲ. ಬೇರಿಗೆ ಸಿಗುವುದು ಸ್ವಲ್ಪ, ತೋಡಿಗೆ ಹರಿಯುವುದು ಬಹಳ. ಕ್ಯಾನ್ಸರಿನ ಮದ್ದಿನ ಕಥೆಯೂ ಹೆಚ್ಚುಕಡಿಮೆ ಇದೇ. ರಕ್ತನಾಳಕ್ಕೆ ಕೊಟ್ಟ ಮದ್ದು ಗಡ್ಡೆಗೆ ಮಾತ್ರ ಹೋಗದೆ ಮೈಯೆಲ್ಲ ಸುತ್ತುತ್ತದೆ. ಕೂದಲು ಉದುರುವುದು, ವಾಂತಿಯಾಗುವುದು ಇದರಿಂದಲೇ. ಡಾಕ್ಸೋರುಬಿಸಿನ್ ಎಂಬ ಮದ್ದು ಮಿತಿ ಮೀರಿದರೆ ಹೃದಯವೇ ದುರ್ಬಲವಾಗುತ್ತದೆ.

ಇದನ್ನು ತಪ್ಪಿಸಲು ವಿಜ್ಞಾನಿಗಳು ಅತಿ ಸೂಕ್ಷ್ಮ ರಂಧ್ರಗಳಿರುವ ಸಿಲಿಕಾ ಕಣಗಳಲ್ಲಿ ಮದ್ದು ತುಂಬಿಸುವ ಪ್ರಯತ್ನದಲ್ಲಿದ್ದಾರೆ. ಇಂತಹ ಸಿಲಿಕಾದ ಬಗ್ಗೆ ಅಮೆರಿಕದ ಮೊಬಿಲ್ ಕಂಪೆನಿಯ ಸಂಶೋಧಕರು 1992ರಲ್ಲಿ ಪ್ರಕಟಿಸಿದರು. 2001ರಲ್ಲಿ ಸ್ಪೇನಿನ ಮರಿಯಾ ವಾಲೆಟ್-ರೆಜಿಯವರ ತಂಡ ಅದರಲ್ಲಿ ಐಬುಪ್ರೊಫೇನ್ ಎಂಬ ನೋವಿನ ಮದ್ದನ್ನು ತುಂಬಿಸಿ, ಅದು ನಿಧಾನವಾಗಿ ಹೊರಬರುವುದನ್ನು ತೋರಿಸಿತು. ಒಂದು ಗ್ರಾಂ ಪುಡಿಯ ರಂಧ್ರಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್, ಅಂದರೆ 25 ಸೆಂಟ್ಸ್ ಜಾಗವಾದೀತು! ಗಡ್ಡೆಯ ಸುತ್ತ ಆಮ್ಲೀಯತೆ ಸ್ವಲ್ಪ ಹೆಚ್ಚು. ಆ ಹುಳಿ ತಾಗಿದಾಗ ತೆರೆಯುವ ಮುಚ್ಚಳಗಳನ್ನೂ ರಂಧ್ರಗಳಿಗೆ ಜೋಡಿಸಿ ಪ್ರಯೋಗ ಮಾಡಿದ್ದಾರೆ.

ಈ ಸಿಲಿಕಾವನ್ನು ಭತ್ತದ ಉಮಿಯಿಂದಲೂ ತಯಾರಿಸಬಹುದು. ಚೆನ್ನಾಗಿ ಸುಟ್ಟ ಉಮಿಯ ಬೂದಿಯಲ್ಲಿ ಬಹುಪಾಲು ಇರುವುದು ಸಿಲಿಕಾವೇ. ಹಾಗೆಂದು ಒಲೆಯ ಬೂದಿ ಮದ್ದಾಗದು. ಅದರ ಧೂಳು ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ಕೇಡು.

ಇದು ಬರೀ ಕನಸಲ್ಲ. ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿದ ಡಾಕ್ಸೋರುಬಿಸಿನ್‌ಗೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿದೆ. ಆದರೆ ರಂಧ್ರದ ಸಿಲಿಕಾ ಕಣಗಳು ಕ್ಯಾನ್ಸರ್ ಚಿಕಿತ್ಸೆಯ ನಿತ್ಯಬಳಕೆಗೆ ಇನ್ನೂ ಬಂದಿಲ್ಲ. ಮೈಗೆ ಹೋದ ಕಣಗಳಲ್ಲಿ ಹೆಚ್ಚಿನವು ಯಕೃತ್ತು, ಗುಲ್ಮಗಳಲ್ಲೇ ಸಿಕ್ಕಿಬೀಳುತ್ತವೆ. ಇಲಿಯಲ್ಲಿ ಗೆದ್ದ ಮದ್ದು ಮನುಷ್ಯರಲ್ಲಿ ಸೋತದ್ದೂ ಉಂಟು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ: ಸಂಶೋಧನೆ ಸಾಗಲಿ, ಅದಕ್ಕೆ ಸರಕಾರ ಹಣವನ್ನೂ ಕೊಡಲಿ. ಆದರೆ ನಾಳೆ ಬರುವ ಮದ್ದನ್ನು ನಂಬಿ ಇಂದು ಸಿಗುವ ಚಿಕಿತ್ಸೆಯನ್ನು ಮುಂದೂಡಬಾರದು. ಅಡ್ಡಪರಿಣಾಮಕ್ಕೆ ಹೆದರಿ ಕೀಮೋ ಅರ್ಧಕ್ಕೆ ನಿಲ್ಲಿಸಬಾರದು. ಕಷ್ಟವಾದರೆ ಡಾಕ್ಟರಲ್ಲಿ ಹೇಳಿ, ವಾಂತಿಗೆ ಒಳ್ಳೆಯ ಮದ್ದುಗಳಿವೆ. 'ನ್ಯಾನೋ ಮದ್ದು' ಎಂದು ಮನೆಬಾಗಿಲಿಗೆ ತಂದು ಮಾರುವವರಿಗೆ ಅಡಿಕೆ ಮಾರಿದ ಹಣ ಕೊಡಬೇಡಿ. ಎದೆಯಲ್ಲಿ ಗಂಟು, ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು ಕಂಡರೆ ಕೊಯ್ಲು ಮುಗಿಯಲೆಂದು ಕಾಯದೆ ಪರೀಕ್ಷೆ ಮಾಡಿಸಿಕೊಳ್ಳಿ. ಕೊಳೆರೋಗ ತೋಟವೆಲ್ಲ ಹಬ್ಬಿದ ಮೇಲೆ ಮದ್ದು ಬಿಟ್ಟು ಪ್ರಯೋಜನವೇನು?