ಸ್ಟೆಪ್ನಿ ಇಲ್ಲದ ಕಾರು, ಮೊಳೆ ಬಿದ್ದ ದಾರಿ

ಕಗ್ಗದಾಸಪುರ ಮುಖ್ಯರಸ್ತೆಯಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಾರಿನ ಟೈರು ಪಂಕ್ಚರ್ ಆದರೆ, ಪಕ್ಕಕ್ಕೆ ಹಾಕಿಕೊಳ್ಳಲು ಜಾಗ ಹುಡುಕುವುದೇ ದೊಡ್ಡ ಕೆಲಸ. ಅಂಗಡಿಗಳ ಮುಂದೆ ಸಾಲುಗಟ್ಟಿದ ಬೈಕುಗಳು, ರೈಲ್ವೆ ಗೇಟಿನ ಕಡೆಗೆ ಆಮೆಯಂತೆ ಸರಿಯುವ ವಾಹನಗಳು, ಬಾಗ್ಮನೆ ಟೆಕ್ ಪಾರ್ಕಿಗೆ ಹೊರಟವರ ಹಾರ್ನು. ಹೇಗೋ ಅಡ್ಡರಸ್ತೆಗೆ ತಿರುಗಿಸಿ, ಡಿಕ್ಕಿ ತೆಗೆದು, ಮ್ಯಾಟ್ ಎತ್ತಿದರೆ ಅಲ್ಲಿ ಸ್ಟೆಪ್ನಿ ಇಲ್ಲ. ಅದರ ಜಾಗದಲ್ಲಿ ಒಂದು ಅಂಟಿನ ಬಾಟಲಿ, ಒಂದು ಪೈಪು, ಒಂದು ಪುಟ್ಟ ಕಂಪ್ರೆಸರ್. ಕಾರು ಕೊಳ್ಳುವಾಗ ಟಚ್ ಸ್ಕ್ರೀನಿನ ಅಗಲ ಕೇಳಿದವರಿಗೂ ಸ್ಟೆಪ್ನಿ ಇದೆಯೇ ಎಂದು ಕೇಳಲು ಹೊಳೆದಿರುವುದಿಲ್ಲ. ಇರುತ್ತದೆ ಎಂಬ ನಂಬಿಕೆ ಅಷ್ಟು ಹಳೆಯದು.

ಸ್ಟೆಪ್ನಿ ಕೊಡದಿರಲು ಕಾನೂನಿನ ಒಪ್ಪಿಗೆ ಇದೆ. 2020ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರ ಪ್ರಕಾರ, ಒಟ್ಟು ತೂಕ 3.5 ಟನ್ ಮೀರದ ವಾಹನದಲ್ಲಿ ಟೈರಿನ ಗಾಳಿಯ ಒತ್ತಡವನ್ನು ಚಾಲಕನಿಗೆ ತೋರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿ ಬಿಟ್ಟರೆ ಡಿಕ್ಕಿಯಲ್ಲಿ ಜಾಗ ಉಳಿಯುತ್ತದೆ, ಕಾರಿನ ತೂಕ ಇಳಿಯುತ್ತದೆ. ಎಲೆಕ್ಟ್ರಿಕ್ ಕಾರಿನ ನೆಲದಡಿ ಬ್ಯಾಟರಿಯೂ ಸಿಎನ್‌ಜಿ ಕಾರಿನ ಡಿಕ್ಕಿಯಲ್ಲಿ ಸಿಲಿಂಡರೂ ಕೂರಬೇಕು. ಕೆಲವು ದುಬಾರಿ ಕಾರುಗಳಲ್ಲಿ ಗಾಳಿ ಹೋದ ಮೇಲೂ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸುಮಾರು 80 ಕಿ.ಮೀ. ಓಡಬಲ್ಲ ರನ್‌ಫ್ಲಾಟ್ ಟೈರುಗಳಿವೆ. ಎಂಟು–ಹತ್ತು ಲಕ್ಷ ಕೊಟ್ಟು ಸ್ಟೆಪ್ನಿ ಇಲ್ಲದ ಕಾರು ಕೊಂಡವರ ಪಾಲಿಗೆ ಇರುವುದು ಆ ಬಾಟಲಿಯೊಂದೇ.

ನಮ್ಮವರು ದಿನವೂ ಆಡುವ 'ಸ್ಟೆಪ್ನಿ' ಎಂಬ ಮಾತು ಹುಟ್ಟಿದ್ದೇ ಇಂಥ ಒಂದು ಕೊರತೆಯಿಂದ. ಮೊದಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರ ಇರುತ್ತಿರಲಿಲ್ಲ. ಪಂಕ್ಚರ್ ಆದರೆ ಚಾಲಕ ದಾರಿಯಲ್ಲೇ ಕೂತು ಟ್ಯೂಬಿಗೆ ತೇಪೆ ಹಾಕಬೇಕಿತ್ತು. 1904ರಲ್ಲಿ ವೇಲ್ಸ್ ದೇಶದ ಲನೆತ್ಲಿ ಊರಿನ ಡೇವಿಸ್ ಸಹೋದರರು, ಗಾಳಿ ಹೋದ ಚಕ್ರಕ್ಕೆ ಪಕ್ಕದಿಂದ ಬಿಗಿಯುವ ಕಡ್ಡಿಗಳಿಲ್ಲದ ಚಕ್ರವೊಂದನ್ನು ಮಾಡಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಬೀದಿಯ ಹೆಸರು ಚಕ್ರಕ್ಕೆ ಅಂಟಿ, ಭಾರತಕ್ಕೂ ಮಾಲ್ಟಾಕ್ಕೂ ಬಂತು, ಬ್ರೆಜಿಲ್‌ನಲ್ಲಿ 'ಎಸ್ತೆಪಿ' ಆಯಿತು. ನೂರಿಪ್ಪತ್ತು ವರ್ಷಗಳ ಬಳಿಕ ಚಾಲಕ ಮತ್ತೆ ರಸ್ತೆ ಬದಿಯಲ್ಲಿ ಕೂತು ಟೈರು ರಿಪೇರಿ ಮಾಡುವ ಕಾಲ ಬಂದಿದೆ.

ಹಾಗೆಂದು ಕಿಟ್ ನಿರುಪಯೋಗಿ ಎನ್ನುವುದು ತಪ್ಪು. ಟೈರು ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆಯೋ ಸ್ಕ್ರೂವೋ ಚುಚ್ಚಿದ್ದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬಾಟಲಿಯ ದ್ರವ ಒಳಗಿನಿಂದ ತೂತಿಗೆ ಹೋಗಿ ಗಟ್ಟಿಯಾಗುತ್ತದೆ, ಕಂಪ್ರೆಸರ್ ಗಾಳಿ ತುಂಬುತ್ತದೆ. ಆದರೆ ತೂತು ನಾಲ್ಕರಿಂದ ಆರು ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ, ಟೈರಿನ ಪಕ್ಕದ ಗೋಡೆ ಸೀಳಿದ್ದರೆ ಅಥವಾ ರಿಮ್ ಸೊಟ್ಟಗಾಗಿದ್ದರೆ ಬಾಟಲಿಯಿಂದ ಏನೂ ಆಗದು.

ತೊಂದರೆ ಇರುವುದು ಇಲ್ಲೇ. ಬೆಂಗಳೂರಿನ ಟೈರುಗಳು ಮೊಳೆಯಿಂದಷ್ಟೇ ಕೆಡುವುದಿಲ್ಲ. ಗುಂಡಿಯ ಚೂಪು ಅಂಚು, ಅಗೆದು ಅರ್ಧಕ್ಕೆ ಬಿಟ್ಟ ಕಾಂಕ್ರೀಟು, ಚರಂಡಿ ಚಪ್ಪಡಿಯಿಂದ ಹೊರಗೆ ಚಾಚಿದ ಕಬ್ಬಿಣದ ಸರಳು, ಇವು ಹೊಡೆಯುವುದು ಟೈರಿನ ಪಕ್ಕಕ್ಕೇ. ಸ್ಟೆಪ್ನಿ ಬೇಡವೆಂದ ನಿಯಮ ಸಮತಟ್ಟಾದ ರಸ್ತೆಯನ್ನು ಕಣ್ಣ ಮುಂದೆ ಇಟ್ಟುಕೊಂಡಂತಿದೆ. ಅಂಥ ರಸ್ತೆ ಕೊಟ್ಟ ಮೇಲೆ ಸ್ಟೆಪ್ನಿ ತೆಗೆಯಬೇಕಿತ್ತು.

ಮೊಳೆಗಳ ಕಥೆಯೂ ಸಣ್ಣದಲ್ಲ. ಹೊರವರ್ತುಲ ರಸ್ತೆಯಲ್ಲಿ ದಿನವೂ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಒಬ್ಬರು ಪದೇ ಪದೇ ಪಂಕ್ಚರ್ ಆಗಿ ಬೇಸತ್ತು ರಸ್ತೆಯಲ್ಲಿನ ಮೊಳೆ ಆರಿಸತೊಡಗಿದರು. ಮೊದಲು ಬರಿಗೈಯಲ್ಲಿ, ಆಮೇಲೆ ಕೋಲಿಗೆ ಕಟ್ಟಿದ ಅಯಸ್ಕಾಂತದಿಂದ. 2015ರ ಹೊತ್ತಿಗೆ ಅವರ ಬಳಿ 37 ಕಿಲೋ ಮೊಳೆ ಸೇರಿತ್ತು. ಒಂದೇ ಬಗೆಯ ಮೊಳೆಗಳು ಒಂದೇ ಕಡೆ ಮತ್ತೆ ಮತ್ತೆ ಸಿಕ್ಕಾಗ, ಯಾರೋ ಬೇಕೆಂದೇ ಚೆಲ್ಲುತ್ತಿದ್ದಾರೆ ಎಂಬ ಅನುಮಾನ ಊರಲ್ಲೆಲ್ಲ ಹಬ್ಬಿತು. ಆ ಅನುಮಾನವನ್ನು ಎಲ್ಲ ಪಂಕ್ಚರ್ ಅಂಗಡಿಯವರ ತಲೆಗೆ ಕಟ್ಟುವುದು ಅನ್ಯಾಯ. ಮಲ್ಲೇಶಪಾಳ್ಯದಲ್ಲೋ ನಾಗವಾರಪಾಳ್ಯದಲ್ಲೋ ಕಟ್ಟಡವೊಂದರ ಸೆಂಟ್ರಿಂಗ್ ಬಿಚ್ಚಿದ ದಿನ ಆ ಬೀದಿಯಲ್ಲಿ ನಡೆದು ನೋಡಿದರೆ ಸಾಕು, ಹಲಗೆಯಿಂದ ಕಿತ್ತ ಮೊಳೆಗಳು ಮರಳಿನ ಜೊತೆ ರಸ್ತೆಗೆ ಬಂದಿರುತ್ತವೆ. ಹಳೆಯ ಟೈರಿಗೆ ಬಣ್ಣ ಬಳಿದು ಬೋರ್ಡಿನಂತೆ ನೇತುಹಾಕಿ, ರಾತ್ರಿ ಹತ್ತರವರೆಗೂ ಕೂರುವ ಆ ಅಂಗಡಿಯವರಿಂದಲೇ ಸ್ಟೆಪ್ನಿ ಇಲ್ಲದ ಕಾರುಗಳು ಇಂದು ಈ ಊರಲ್ಲಿ ಓಡುತ್ತಿವೆ.

ಬದಲಿಯ ಬೆಲೆ ಅರಿತವರು ಕಗ್ಗದಾಸಪುರದ ನೆರೆಯಲ್ಲೇ ಇದ್ದಾರೆ. ಸುರಂಜನ್ ದಾಸ್ ರಸ್ತೆಯ ಬದಿಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ಎಡಿಇ ಪ್ರಯೋಗಾಲಯವಿದೆ. 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಹಾರಾಟ ನಿಯಂತ್ರಣ ಕಂಪ್ಯೂಟರು ರೂಪುಗೊಂಡಿದ್ದು ಅಲ್ಲಿಯವರ ಶ್ರಮದಿಂದ. ಒಂದೇ ಕೆಲಸಕ್ಕೆ ಅದರಲ್ಲಿ ನಾಲ್ಕು ಸಮಾನಾಂತರ ದಾರಿಗಳಿವೆ. ಒಂದು ಕೈಕೊಟ್ಟರೆ ಉಳಿದವು ವಿಮಾನವನ್ನು ಹಿಡಿದಿಡುತ್ತವೆ. ಕಾರು ವಿಮಾನವಲ್ಲ, ನಿಜ. ಆದರೂ ಯಾವುದು ಕೆಟ್ಟರೆ ಮನುಷ್ಯ ನಡುದಾರಿಯಲ್ಲಿ ಸಿಕ್ಕಿಬೀಳುತ್ತಾನೋ ಅದಕ್ಕೆ ಬದಲಿ ಇಡಬೇಕೆಂಬ ಎಚ್ಚರ ಎರಡಕ್ಕೂ ಒಂದೇ.

ನಗರದೊಳಗೆ ಸ್ಟೆಪ್ನಿ ಇಲ್ಲದೆಯೂ ಹೇಗೋ ನಡೆಯುತ್ತದೆ. ಹಳೇ ಮದ್ರಾಸು ರಸ್ತೆ ಹಿಡಿದು ಹೊಸಕೋಟೆ ದಾಟಿ, ಬೇತಮಂಗಲದ ಕಡೆಗೆ ಹೋಗುವ ಹೊಸ ಚೆನ್ನೈ ಎಕ್ಸ್‌ಪ್ರೆಸ್‌ವೇ ಏರಿದವರ ಪಾಡು ಬೇರೆ. ಎರಡೂ ಬದಿ ಬೇಲಿ, ಊರುಗಳೆಲ್ಲ ದೂರದಲ್ಲಿ. 2024ರ ಡಿಸೆಂಬರ್ ಕೊನೆಯಲ್ಲಿ ಮಹಾರಾಷ್ಟ್ರದ ಸಮೃದ್ಧಿ ಹೆದ್ದಾರಿಯಲ್ಲಿ, ವಾಶಿಮ್ ಜಿಲ್ಲೆಯ ಬಳಿ, ರಸ್ತೆಗೆ ಬಿದ್ದ ಕಬ್ಬಿಣದ ಹಲಗೆಯೊಂದರ ಮೇಲೆ ಹರಿದು ಒಂದೇ ರಾತ್ರಿ 50ಕ್ಕೂ ಹೆಚ್ಚು ವಾಹನಗಳು ಪಂಕ್ಚರ್ ಆದವು. ಮಕ್ಕಳು ಮರಿ ಕಟ್ಟಿಕೊಂಡು ಹೊರಟವರು ಚಳಿಯಲ್ಲಿ ಗಂಟೆಗಟ್ಟಲೆ ಕಾಯಬೇಕಾಯಿತು. ಅಂಥ ಜಾಗದಲ್ಲಿ ಬಾಟಲಿ ಕೈಕೊಟ್ಟರೆ ಉಳಿಯುವುದು ಟೋಯಿಂಗ್ ಗಾಡಿ ಮಾತ್ರ. ಎಲೆಕ್ಟ್ರಿಕ್ ಕಾರಾದರೆ ಚಕ್ರ ಉರುಳಿಸಿ ಎಳೆಯುವಂತೆಯೂ ಇಲ್ಲ, ಹೊತ್ತೊಯ್ಯುವ ಚಪ್ಪಟೆ ಲಾರಿಯೇ ಬರಬೇಕು.

ಈಗಾಗಲೇ ಇಂಥ ಕಾರು ಕೊಂಡವರು ತಿಳಿದಿರಬೇಕಾದ ಕೆಲವು ಮಾತುಗಳಿವೆ. ಚುಚ್ಚಿದ ಮೊಳೆಯನ್ನು ದಾರಿಯಲ್ಲಿ ಕೀಳಬಾರದು. ಕಿತ್ತರೆ ಉಳಿದ ಗಾಳಿಯೂ ಹೋಗುತ್ತದೆ. ಒತ್ತಡ ಕಡಿಮೆ ಎಂದು ದೀಪ ಹೊತ್ತಿದ ಕೂಡಲೇ ವೇಗ ಇಳಿಸಿ ನಿಲ್ಲಿಸಬೇಕು, ಏಕೆಂದರೆ ಗಾಳಿಯಿಲ್ಲದ ಟೈರಿನ ಮೇಲೆ ಒಂದು ಕಿಲೋಮೀಟರ್ ಓಡಿಸಿದರೂ ಅದರ ಪಕ್ಕದ ಗೋಡೆ ಅರೆದುಹೋಗುತ್ತದೆ. ಬಹಳ ಸಲ ಗಾಳಿ ನಿಧಾನವಾಗಿ ಸೋರುತ್ತಿರುತ್ತದೆ. ಆಗ ಅಂಟು ಬೇಡ, ಕಂಪ್ರೆಸರಿನಿಂದ ಗಾಳಿ ತುಂಬಿಕೊಂಡು ಹತ್ತಿರದ ಅಂಗಡಿ ಮುಟ್ಟಬಹುದು. ಅಂಟು ಹಾಕಲೇಬೇಕಾಗಿ ಬಂದರೆ, ಕೆಲವು ಕಿಲೋಮೀಟರ್ ಓಡಿಸಿ ಮತ್ತೆ ಒತ್ತಡ ನೋಡಬೇಕು, ಗಂಟೆಗೆ 80 ಕಿ.ಮೀ. ಮೀರಬಾರದು, ಒಳಗೆ ಅಂಟಿದೆ ಎಂದು ಪಂಕ್ಚರ್ ಹಾಕುವವರಿಗೆ ಮೊದಲೇ ಹೇಳಬೇಕು. ಅವರು ಅದನ್ನು ತೊಳೆದ ಮೇಲೇ ಪ್ಯಾಚ್ ಕೂರುವುದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಕ್ಕಿಬಿದ್ದರೆ 1033ಕ್ಕೆ ಕರೆ ಮಾಡಿ, ಎಚ್ಚರಿಕೆಯ ತ್ರಿಕೋನವನ್ನು ಹಿಂದೆ ದೂರದಲ್ಲಿಟ್ಟು, ಮನೆಮಂದಿಯನ್ನು ಕಾರಿನಿಂದ ಇಳಿಸಿ ತಡೆಬೇಲಿಯ ಆಚೆ ನಿಲ್ಲಿಸುವುದು ಎಲ್ಲಕ್ಕಿಂತ ಮೊದಲ ಕೆಲಸ.

ಕಾರು ತಯಾರಕರು ಸ್ಟೆಪ್ನಿ ಇಲ್ಲ ಎಂಬುದನ್ನು ಬೆಲೆಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಲಿ. ಬೇಕೆಂದವರಿಗೆ ಆ ಕಾರಿಗೆ ಹೊಂದುವ ಹೆಚ್ಚುವರಿ ಚಕ್ರ, ಜಾಕಿ, ಸ್ಪ್ಯಾನರ್‌ಗಳನ್ನು ನಿಗದಿತ ಬೆಲೆಗೆ ಕೊಡಲಿ; ದೂರದೂರಿಗೆ ಹೋಗುವಾಗ ಸಾಮಾನಿನ ಜಾಗ ಬಿಟ್ಟು ಅದನ್ನು ಒಯ್ಯುವ ಆಯ್ಕೆ ಮಾಲೀಕರದ್ದಾಗಿರಲಿ. ಪಾಲಿಕೆಯ ಕಸ ಗುಡಿಸುವ ಯಂತ್ರಗಳಿಗೆ ಅಯಸ್ಕಾಂತದ ಪಟ್ಟಿ ಕಟ್ಟುವುದೂ ಕಷ್ಟದ ಕೆಲಸವಲ್ಲ. ವಿಮಾನ ನಿಲ್ದಾಣಗಳಲ್ಲಿ ಅದು ರೂಢಿಯಲ್ಲಿದೆ. ಒಬ್ಬ ವ್ಯಕ್ತಿ ಕೋಲು ಹಿಡಿದು 37 ಕಿಲೋ ಆರಿಸಬಹುದಾದರೆ, ಒಂದು ಯಂತ್ರ ಎಷ್ಟು ಎತ್ತೀತು!

ಅಲ್ಲಿಯವರೆಗೆ, ಓದುಗರೇ, ಈ ಭಾನುವಾರ ನಿಮ್ಮ ಕಾರಿನ ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ. ಅಲ್ಲಿರುವುದು ಬಾಟಲಿಯಾದರೆ ಅದರ ಮೇಲೆ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ಅದು ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ.